ದೊಣೆಬೆಟ್ಟದ ಒಂದೂವರೆ ದಿನದ ಮಾಲೀಕರು

ಸಂಡಿಗೆ ಹಿಟ್ಟಿನ ಪಾತ್ರೆ ಅರ್ಧ ಖಾಲಿಯಾಗಿತ್ತು. ತಾರಸಿಯ ಮೇಲೆ ಹಳೆಯ ಪಂಚೆ ಹಾಸಿ, ಮೂಲೆಗಳಿಗೆ ಕಲ್ಲಿಟ್ಟು, ಚಮಚದಿಂದ ಒಂದೊಂದೇ ಸಂಡಿಗೆ ಇಡುತ್ತ ಪಂಚೆಯ ನಡುವಿನವರೆಗೆ ಬಂದಿದ್ದೆ. ಏಪ್ರಿಲ್ ತಿಂಗಳ ಭದ್ರಾವತಿಯ ಬಿಸಿಲು. ಮೊದಲ ಸಾಲಿನ ಸಂಡಿಗೆಗಳು ಆಗಲೇ ಅಂಚು ಎತ್ತಿಕೊಂಡು ನನ್ನನ್ನು ನೋಡುತ್ತಿದ್ದವು. ಆ ಹೊತ್ತಿಗೆ ಮೆಟ್ಟಿಲಲ್ಲಿ ನಮ್ಮ ಯಜಮಾನರು ಕಾಣಿಸಿಕೊಂಡರು. ಮೊದಲು ತಲೆ ಬಂತು, ಆಮೇಲೆ ಕುತ್ತಿಗೆ, ಆಮೇಲೆ ಒಂದು ಸ್ವೆಟರ್.

“ಹೇಗಿದೆ?” ಎಂದರು.

ಕಡು ಹಸಿರು ಬಣ್ಣ. ಎದೆಯ ಮೇಲೆ ಎದುರುಬದುರು ಎರಡು ಜಿಂಕೆ. ಜಿಂಕೆಗಳ ಮಧ್ಯದಿಂದ ಬೆವರು ಹೊಳೆಯಂತೆ ಇಳಿಯುತ್ತಿತ್ತು.

“ಚಳಿಜ್ವರ ಏನಾದ್ರೂ ಬಂದಿದ್ಯಾ?”

“ಶಿವಮೊಗ್ಗದ ಗಾಂಧಿ ಬಜಾರಲ್ಲಿ ತಗೊಂಡೆ ಕಣೇ. ಅಂಗಡಿಯವನು ಅಟ್ಟದ ಮೇಲಿಂದ ಇಳಿಸಿ, ಧೂಳು ಕೊಡವಿ ಕೊಟ್ಟ. ಈ ಬಿಸಿಲಲ್ಲಿ ಸ್ವೆಟರ್ ಕೇಳಿದ ಮೊದಲನೇ ಗಿರಾಕಿ ಅಂತೆ ನಾನು. ಯಾವ ಕಡೆ ಹೊರಟ್ರಿ ಸಾರ್ ಅಂದ. ಎಸ್ಟೇಟ್ ನೋಡೋಕೆ ಅಂದೆ. ಟೀ ತರಿಸಿಕೊಟ್ಟ!”

ಎಸ್ಟೇಟ್ ಎಂಬ ಈ ಮಾತು ನಮ್ಮ ಬದುಕಿನೊಳಕ್ಕೆ ಬಂದದ್ದು ಅದರ ಹಿಂದಿನ ಭಾನುವಾರ, ಊಟದ ಪಂಕ್ತಿಯಲ್ಲಿ. ಯಜಮಾನರ ತಂಗಿ ಶೀಲಾ ಮತ್ತು ಅವಳ ಗಂಡ ಶಿವಕುಮಾರ್ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಿದ್ದರು. ಆ ಮನೆಯಲ್ಲಿ ಎಲ್ಲದಕ್ಕೂ ಒಂದು ಸ್ವಿಚ್ಚು. ದೇವರ ಹಿಂದೆಯೂ ಒಂದು. ಶಿವಕುಮಾರ್ ಒಳ್ಳೆಯವರೇ. ಆದರೆ ಹೊಸ ಮನೆ ತೋರಿಸುವಾಗ ಮನುಷ್ಯ ತನ್ನ ಒಳ್ಳೆಯತನವನ್ನು ಚಪ್ಪಲಿಯ ಜೊತೆ ಹೊರಗೇ ಬಿಟ್ಟುಬಂದಿರುತ್ತಾನೆ.

“ಭಾವ, ನೀವಿನ್ನೂ ಅದೇ ಬಾಡಿಗೆ ಮನೇಲೇನಾ?” ಎಂದು ಅವರು ಕೋಸಂಬರಿ ಬಡಿಸುತ್ತ ಕೇಳಿದರು. ಪಂಕ್ತಿಯ ಆ ತುದಿಯವರೂ ತಿನ್ನುವುದನ್ನು ನಿಲ್ಲಿಸಿದರು.

ಕಾರ್ಖಾನೆಯಲ್ಲಿ ಕ್ರೇನಿನ ಮೇಲೆ ಕೂತು ಇಡೀ ಶೆಡ್ಡನ್ನು ಕೆಳಗೆ ನೋಡಿ ಅಭ್ಯಾಸವಾದ ಮನುಷ್ಯನಿಗೆ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿಕೊಂಡು ಈ ಪ್ರಶ್ನೆಯನ್ನು ಕೇಳಿಸಿಕೊಳ್ಳುವುದು ಕಷ್ಟ. ಯಜಮಾನರು ಉಪ್ಪಿನಕಾಯಿ ನೆಕ್ಕಿ ಹೇಳಿದರು: “ಈ ಬಿಸಿಲೂರಲ್ಲಿ ಯಾರಪ್ಪ ಮನೆ ತಗೋತಾರೆ? ನಾವು ಬೆಟ್ಟದ ಕಡೆ ಜಾಗ ನೋಡ್ತಾ ಇದ್ದೀವಿ.”

ಇಷ್ಟೇ ಅವರು ಹೇಳಿದ್ದು. ಆದರೆ ಎಲೆಯಿಂದ ಎಲೆಗೆ ದಾಟುವಾಗ ಮಾತು ಮೈ ತುಂಬಿಕೊಳ್ಳುತ್ತದೆ. ಪಲ್ಯ ಬರುವ ಹೊತ್ತಿಗೆ ಆ ಜಾಗ ಚಿಕ್ಕಮಗಳೂರು ಜಿಲ್ಲೆಗೆ ಹೋಗಿತ್ತು. ಹೋಳಿಗೆಗೆ ತುಪ್ಪ ಬೀಳುವಾಗ ಅದು ಕಾಫಿ ಎಸ್ಟೇಟ್ ಆಗಿತ್ತು. ಮಜ್ಜಿಗೆಗೆ ಕೈಯೊಡ್ಡುವ ಹೊತ್ತಿಗೆ ಅದರೊಳಗೊಂದು ಜಲಪಾತ ಬೀಳುತ್ತಿತ್ತು. ಎದುರು ಸಾಲಿನಲ್ಲಿದ್ದ ಪರಮೇಶ್ ಎಂಬ ಬ್ರೋಕರ್ ಎಂಜಲು ಕೈಯಲ್ಲೇ ಎದ್ದು ಬಂದು, “ಸಾರ್, ದೊಣೆಬೆಟ್ಟದಲ್ಲಿ ಒಂದು ಮನೆ ಇದೆ. ನಿಮಗೇ ಅಂತ ಕಟ್ಟಿಸಿದಂಗಿದೆ,” ಎಂದ. ಇವರ ಅಳತೆ ಅವನಿಗೆ ಅಷ್ಟು ಬೇಗ ಹೇಗೆ ಸಿಕ್ಕಿತೋ ನಾನರಿಯೆ.

ನಾನು ಎಲೆಯ ಮುಂದೆ ಕೂತಿದ್ದೆನೇ ಹೊರತು ನನ್ನ ಜೀವವೆಲ್ಲ ನಮ್ಮ ನಡುಮನೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಕೊಂಡಿತ್ತು.

ನಮ್ಮ ಮನೆಯ ಒಡೆಯರು ಗಣಪಯ್ಯನವರು. ಈಗ ಸಾಗರದಲ್ಲಿ ಮಗಳ ಮನೆಯಲ್ಲಿದ್ದಾರೆ. ಕಿವಿ ಮಂದ, ಫೋನಿನಲ್ಲಿ ನಾವು ಬಾಡಿಗೆ ವಿಚಾರ ಹೇಳಿದರೆ ಅವರು ಮಳೆ ವಿಚಾರ ಹೇಳುತ್ತಾರೆ. ಹಾಗಾಗಿ ಏನಿದ್ದರೂ ಕಾಗದದಲ್ಲೇ. ಸಂಕ್ರಾಂತಿಯ ಹೊತ್ತಿಗೆ ಬರೆದಿದ್ದರು: ಮನೆ ಮಾರುತ್ತೇನೆ, ಇಷ್ಟು ವರ್ಷ ಇದ್ದವರು ನೀವು, ಮೊದಲು ನಿಮಗೇ ಕೊಡುತ್ತೇನೆ, ಬೇಕು ಎಂದು ಕೃಷ್ಣಪ್ಪನವರ ರುಜು ಇರುವ ಕಾಗದ ಬಂದರೆ ಸಾಕು. ಕೃಷ್ಣಪ್ಪನವರೆಂದರೆ ನಮ್ಮ ಯಜಮಾನರೇ. ಅವರ ನಿವೃತ್ತಿಯ ಹಣ ಬ್ಯಾಂಕಿನಲ್ಲಿತ್ತು, ಸಾಲುತ್ತಿತ್ತು. ನಾನು ಮಾರನೆಯ ದಿನವೇ ಇನ್‌ಲ್ಯಾಂಡ್ ತಂದು, ‘ಮನೆ ನಮಗೆ ಬೇಕು’ ಎಂದು ದುಂಡಗೆ ಬರೆದು, ವಿಳಾಸವನ್ನೂ ಬರೆದು, ರುಜುವಿಗೆ ಜಾಗ ಬಿಟ್ಟು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟೆ.

“ನೋಡೋಣ,” ಎಂದರು ಯಜಮಾನರು.

ಯುಗಾದಿ ಬಂತು, ಹೋಯಿತು. ನೋಡೋಣ ಹೋಗಲಿಲ್ಲ. ಗಣಪಯ್ಯನವರಿಂದ ಇನ್ನೊಂದು ಕಾಗದ ಬಂತು: ಈ ತಿಂಗಳು ಮುಗಿಯುವುದರೊಳಗೆ ನಿಮ್ಮ ಉತ್ತರ ಕೈಸೇರದಿದ್ದರೆ ಬೇರೆಯವರಿಗೆ ಮಾತು ಕೊಡುತ್ತೇನೆ. ಆ ಬೇರೆಯವರು ಒಂದು ದಿನ ಬಂದೂ ಬಿಟ್ಟರು. ಹಿತ್ತಿಲನ್ನು ಹೆಜ್ಜೆಯಲ್ಲಿ ಅಳೆದು, ನನ್ನ ನುಗ್ಗೆ ಮರದ ಕಡೆ ಬೆರಳು ತೋರಿಸಿ, “ಇದನ್ನ ಕಡಿಸಿದ್ರೆ ಕಾರ್ ನಿಲ್ಲಿಸ್ಬಹುದು,” ಎಂದರು. ಮನೆಗೆ ಬಂದವರನ್ನು ನಾನು ಕಾಫಿ ಕೊಡದೆ ಕಳಿಸಿದ್ದು ಅವತ್ತೊಂದೇ ದಿನ.

ಹಾಗಾಗಿ ಅವತ್ತು ತಾರಸಿಯ ಮೇಲೆ ಸ್ವೆಟರ್ ತೊಟ್ಟು ನಿಂತವರನ್ನು ಮತ್ತೆ ಕೇಳಿದೆ. “ಆ ಕಾಗದಕ್ಕೊಂದು ರುಜು ಹಾಕ್ರಿ ಅಂದ್ರೆ.”

“ಎಸ್ಟೇಟ್ ಸಿಕ್ಕಿದ್ರೆ ಈ ಗೂಡು ಯಾಕೆ ಮಾರಾಯ್ತಿ? ಶನಿವಾರ ಪರಮೇಶ್ ಕಾರ್ ತರ್ತಾನೆ. ಮೊದಲು ಬೆಟ್ಟ ನೋಡೋಣ.”

“ಸರಿ, ನೋಡೋಣ,” ಎಂದೆ ನಾನೂ.

ಪಕ್ಕದ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದ ಶಕುಂತಲಮ್ಮ ಒದ್ದೆ ಸೀರೆಯ ಹಿಂದಿನಿಂದ ತಲೆ ಹಾಕಿದಳು. ಅವಳ ಗಂಡನೂ ಕಾರ್ಖಾನೆಯವರೇ; ತಮಿಳು ಮನೆಯವಳು, ಕನ್ನಡ ನನಗಿಂತ ಜೋರು. “ಅಕ್ಕಾ! ಎಸ್ಟೇಟಾ? ಒಂದು ಮಾತು ಹೇಳ್ಲಿಲ್ಲ ನೀನು! ನಾನು ಹಾಲು ತಂದು ಉಕ್ಕಿಸ್ಬೇಕು, ಗೊತ್ತಲ್ಲ? ಈ ಬೀದೀಲಿ ಯಾರ ಹೊಸ ಮನೆಗಾದ್ರೂ ನನ್ನ ಕೈಹಾಲೇ!”

ಅದು ನಿಜ. ಹೊಸ ಮನೆಯ ಒಲೆಯ ಮೇಲೆ ಮೊದಲು ಹಾಲುಕ್ಕಬೇಕು. ಉಕ್ಕಿತೆಂದರೆ ಮನೆ ನಿಮ್ಮನ್ನು ಒಪ್ಪಿತು ಎಂದು. ನಮ್ಮ ಬೀದಿಯವರ ಪ್ರಕಾರ ರಿಜಿಸ್ಟ್ರಾರ್ ಕಚೇರಿಯ ಮುದ್ರೆ ಅದರ ಮುಂದೆ ಏನೇನೂ ಅಲ್ಲ.

ಶನಿವಾರ ಪರಮೇಶ್ ನಮ್ಮನ್ನು ತರೀಕೆರೆ ದಾಟಿಸಿ, ಘಾಟಿ ಹತ್ತಿಸಿ, ದೊಣೆಬೆಟ್ಟಕ್ಕೆ ಕರೆದೊಯ್ದ. ದಾರಿಯುದ್ದಕ್ಕೂ ಯಜಮಾನರು ಸ್ವೆಟರ್ ಬಿಚ್ಚಲಿಲ್ಲ. ಕೊನೆಯ ತಿರುವಿನಲ್ಲಿ ತಣ್ಣನೆ ಗಾಳಿ ಬೀಸಿದಾಗ, “ನೋಡಿದ್ಯಾ?” ಎಂದು, ಗಾಳಿಯನ್ನು ತಾವೇ ತರಿಸಿಕೊಟ್ಟವರ ಹಾಗೆ ನನ್ನ ಕಡೆ ತಿರುಗಿದರು.

ಮನೆ ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ಶೀಟಿನ ಮಾಡು, ಮುಂದೆ ಜಗಲಿ, ಜಗಲಿಯಲ್ಲೊಂದು ಬೆತ್ತದ ಕುರ್ಚಿ, ಅದರಾಚೆ ಇಳಿಜಾರಿನಲ್ಲಿ ಕಾಫಿ ಗಿಡ. ಗೇಟಿನ ಹತ್ತಿರ ‘ಹೋಂ ಸ್ಟೇ’ ಎಂಬ ಬೋರ್ಡು ಅಂಗಾತ ಮಲಗಿತ್ತು.

“ಓನರ್ ಮಲ್ಲಿಕ್ ಅಂತ ಸಾರ್, ಚಿಕ್ಕಮಗಳೂರಲ್ಲಿ ಇರ್ತಾರೆ. ನಾಳೆ ಮಧ್ಯಾಹ್ನ ಕರ್ಕೊಂಡು ಬರ್ತೀನಿ. ಮನೆ ನೋಡ್ಕೊಳ್ಳೋನು ಊರಿಗೆ ಹೋಗಿದ್ದಾನೆ, ಅಕ್ಕಿ ಬೇಳೆ ಎಲ್ಲ ಒಳಗಿದೆ. ಒಂದು ದಿನ ಇದ್ದು ನೋಡಿ, ಆಮೇಲೆ ನೀವೇ ಬಿಟ್ಟು ಹೋಗಲ್ಲ,” ಎಂದು ಪರಮೇಶ್ ಬೀಗದಕೈ ಕೊಟ್ಟು ಹೊರಟ.

ಯಜಮಾನರು ಬೆತ್ತದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತರು. ನಾನು ಚೀಲದಲ್ಲಿ ತಂದಿದ್ದ ಅರೆಒಣಗಿದ ಸಂಡಿಗೆಯನ್ನು ಅಂಗಳದಲ್ಲಿ ಹರವಿದೆ. ಸ್ವಲ್ಪ ಹೊತ್ತಿಗೆ ಮಂಜು ಬಂದು ಸಂಡಿಗೆಯ ಮೇಲೆ ಕೂತಿತು. ಅವು ಒಣಗುವುದನ್ನು ಬಿಟ್ಟು ವಾಪಸ್ ಹಿಟ್ಟಾಗುವ ದಾರಿ ಹಿಡಿದವು. ಈ ಊರು ನನ್ನದಲ್ಲ ಎಂದು ನನಗೆ ಆಗಲೇ ಗೊತ್ತಾಯಿತು. ಯಾರೂ ಕೇಳಲಿಲ್ಲವಾದ್ದರಿಂದ ಹೇಳಲಿಲ್ಲ.

ಆಗ ಗೇಟಿನ ಹತ್ತಿರ ಒಂದು ಜೀಪು ನಿಂತಿತು. ಇಬ್ಬರು ಗಂಡಸರು, ಅವರ ಹೆಂಡಂದಿರು, ಒಬ್ಬ ಅಜ್ಜಿ, ಎಣಿಸಲಾರದಷ್ಟು ಬ್ಯಾಗು. ಹುಬ್ಬಳ್ಳಿಯವರು. ಎಂದೋ ಫೋನಿನಲ್ಲಿ ರೂಮು ಹೇಳಿದ್ದರಂತೆ; ಮಲ್ಲಿಕ್‌ಗೆ ಮರೆತುಹೋಗಿತ್ತಂತೆ. ಇದೆಲ್ಲ ಆಮೇಲೆ ತಿಳಿದದ್ದು. ಆ ಹೊತ್ತಿಗೆ ಅವರು ನೇರ ಬೆತ್ತದ ಕುರ್ಚಿಯ ಮುಂದೆ ಬಂದು ಕೈಮುಗಿದರು.

“ನಮಸ್ಕಾರ್ರಿ. ನೀವ ಮಾಲಕ್ರೇನ್ರಿ?”

ಯಜಮಾನರ ಒಳಗಿನಿಂದ ‘ಅಲ್ಲ’ ಎಂಬ ಮಾತು ಹೊರಟದ್ದನ್ನು ನಾನು ಕಣ್ಣಾರೆ ಕಂಡೆ. ಅದು ಗಂಟಲವರೆಗೆ ಬಂತು, ಎದೆಯ ಮೇಲಿನ ಜಿಂಕೆಗಳನ್ನು ನೋಡಿತು, ಹಿಂದಕ್ಕೆ ಹೋಯಿತು.

“ಹೂಂ, ಬನ್ನಿ ಬನ್ನಿ,” ಎಂದರು.

ಮಾಲೀಕರಾದ ಮೇಲೆ ಯಜಮಾನರು ಆ ಕುರ್ಚಿಯಲ್ಲಿ ಕೂತದ್ದನ್ನು ನಾನು ಕಾಣೆ. ಮೊದಲು ಬ್ಯಾಗು ಹೊತ್ತರು. ಆಮೇಲೆ ಬಿಸಿನೀರು. ಬಚ್ಚಲ ಒಲೆಯ ಸೌದೆ ಹಸಿ. ಊದಿ ಊದಿ ಕಣ್ಣು ಕೆಂಡವಾಯಿತು. ಒಂದು ಬಕೆಟ್ಟು ಒಳಗೆ ಹೋದರೆ ಇನ್ನೊಂದು ಬಾಗಿಲಿನಿಂದ ಕೂಗು ಬರುತ್ತಿತ್ತು.

“ಮಾಲಕ್ರ, ಸಾಬೂನ ಎಲ್ಲೈತ್ರಿ?”

“ಮಾಲಕ್ರ, ನಮ್ಮ ಅವ್ವಗ ಇನ್ನೊಂದ್ ರಗ್ಗ ಬೇಕಾಗಿತ್ರಿ!”

“ಮಾಲಕ್ರ, ಓಡಿ ಬರ್ರಿ, ಕಾಲಿಗೆ ಜಿಗಣಿ ಹತ್ತೇತಿ!”

ಪ್ರತಿ ಸಲ ‘ಮಾಲಕ್ರ’ ಎಂದಾಗಲೂ ಯಜಮಾನರ ಬೆನ್ನು ನೆಟ್ಟಗಾಗುತ್ತಿತ್ತು. ಬಕೆಟ್ ಎತ್ತಿದಾಗ ಮತ್ತೆ ಬಾಗುತ್ತಿತ್ತು. ನಾನು ಅಡುಗೆಮನೆಯಲ್ಲಿ ಅಕ್ಕಿರೊಟ್ಟಿ ತಟ್ಟುತ್ತಲೇ ಇದ್ದೆ. ಹುಬ್ಬಳ್ಳಿಯ ಅಜ್ಜಿ ಬಂದು ನನ್ನ ಪಕ್ಕ ಮಣೆ ಹಾಕಿಕೊಂಡು, “ಏನವಾ, ಇಷ್ಟ ದೊಡ್ಡ ತ್ವಾಟ ಐತಿ, ಒಂದ್ ಆಳ ಇಟ್ಗೊಬಾರ್ದ?” ಎಂದಳು.

“ಇದ್ದಾರಲ್ಲ, ಒಬ್ಬರು,” ಎಂದೆ.

ಸಂಜೆ ತೋಟ ತೋರಿಸಿ ಎಂದರು. ತಾವೇ ಇನ್ನೂ ನೋಡಿರದ ತೋಟವನ್ನು ಯಜಮಾನರು ಅವರಿಗೆ ತೋರಿಸಿದರು. ದೊಡ್ಡ ಮರವೊಂದನ್ನು ತಟ್ಟಿ, “ಇದು ನಮ್ಮ ತಾತ ನೆಟ್ಟಿದ್ದು,” ಎಂದರು. ಅವರ ತಾತ ತ್ಯಾವರೆಕೊಪ್ಪದ ಕಡೆ ಎಮ್ಮೆ ಮೇಯಿಸಿಕೊಂಡಿದ್ದವರು. ಬೆಟ್ಟ ಹತ್ತಿದ ಸುದ್ದಿ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ.

“ಇದು ಅರೇಬಿಕಾನೋ ರೋಬಸ್ಟಾನೋರಿ?” ಎಂದು ಒಬ್ಬ ಗಂಡಸು ಕೇಳಿದ.

ಯಜಮಾನರು ಎಲೆಯೊಂದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಎರಡನ್ನೂ ಕಲಸಿ ಹಾಕಿದ್ದೀವಿ,” ಎಂದರು. ಅವನು ಅದನ್ನು ಫೋನಿನಲ್ಲಿ ಬರೆದುಕೊಂಡ.

ಹುಬ್ಬಳ್ಳಿಯವರು ಯಜಮಾನರನ್ನು ಮಧ್ಯೆ ನಿಲ್ಲಿಸಿ ಫೋಟೊ ತೆಗೆದರು. ಇವರ ಫೋನಿನಲ್ಲೂ ಒಂದು ತೆಗೆಸಿಕೊಂಡರು: ಹಿಂದೆ ಮನೆ, ಮುಂದೆ ಜಿಂಕೆ. ಆ ಬೆಟ್ಟದಲ್ಲಿ ಸಿಗ್ನಲ್ ಸಿಗುವುದು ಮನೆಯ ಹಿಂದಿನ ಬಂಡೆಯ ಮೇಲೆ ಮಾತ್ರ. ನೋಯುವ ಸೊಂಟದಲ್ಲಿ ಬಂಡೆ ಹತ್ತಿ ಆ ಫೋಟೊವನ್ನು ಮನೆಯವರ ಗುಂಪಿಗೂ ಬೀದಿಯವರ ಗುಂಪಿಗೂ ಕಳಿಸಿದರು.

“ಏನಂತ ಬರೆದ್ರಿ?” ಎಂದೆ.

“ಏನೂ ಬರೀಲಿಲ್ಲ. ಬರೆದ್ರೆ ತಾನೇ ಸುಳ್ಳು?” ಎಂದು ಇಳಿದುಬಂದರು. ಇಳಿದ ಮೇಲೆ ಸಿಗ್ನಲ್ ಹೋಯಿತು. ಹಾಗಾಗಿ ಅದಕ್ಕೆ ಬಂದ ಉತ್ತರಗಳು ಯಾವುವೂ ಇವರನ್ನು ಮುಟ್ಟಲಿಲ್ಲ. ಉತ್ತರ ಬರೆದವರೇ ಬಂದು ಮುಟ್ಟಿದರು.

ಭಾನುವಾರ ಯಜಮಾನರು ಮೂರನೆಯ ಸುತ್ತಿನ ಬಿಸಿನೀರಿಗೆ ಒಲೆ ಊದುತ್ತಿದ್ದಾಗ ಗೇಟಿನಲ್ಲಿ ಹಾರ್ನ್ ಕೇಳಿಸಿತು. ಒಂದು ವ್ಯಾನು. ಅದರ ಮೂತಿಗೆ ಮಾವಿನ ಎಲೆ ಕಟ್ಟಿದ್ದರು. ಮೊದಲು ಶಕುಂತಲಮ್ಮ ಇಳಿದಳು, ಕಂಕುಳಲ್ಲಿ ಹಾಲಿನ ಕ್ಯಾನು. ಹಿಂದೆಯೇ ಶಿವಕುಮಾರ್, ಶೀಲಾ, ಅವರ ಹಿಂದೆ ರೇಷ್ಮೆ ಸೀರೆಯುಟ್ಟ ನಮ್ಮ ಅರ್ಧ ಬೀದಿ.

“ಭಾವ!” ಶಿವಕುಮಾರ್ ಯಜಮಾನರನ್ನು ತಬ್ಬಿಕೊಂಡರು. ಮಸಿ ಅವರ ಬಿಳಿ ಅಂಗಿಗೆ ಹತ್ತಿತು, ಅವರು ಲೆಕ್ಕಿಸಲಿಲ್ಲ. “ಅವತ್ತು ಸುಮ್ನೆ ಹೇಳ್ತಿದ್ದೀರಿ ಅಂದ್ಕೊಂಡೆ. ತಪ್ಪಾಯ್ತು! ಒಂದು ವಾರದಲ್ಲಿ ತಗೊಂಡೇಬಿಟ್ರಲ್ಲ!”

“ಶಿವಕುಮಾರ್, ಅದು ಹಾಗಲ್ಲ...”

“ಅಣ್ಣ ಯಾವಾಗ್ಲೂ ಹೀಗೇ,” ಎಂದು ಶೀಲಾ ಕಣ್ಣೊರೆಸಿಕೊಂಡಳು. “ಒಳಗೊಳಗೇ ಮಾಡಿಬಿಡ್ತಾನೆ.”

ಶಕುಂತಲಮ್ಮ ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಗದರಿದಳು. “ಏನಕ್ಕಾ ಇದು? ಹಾಲುಕ್ಕಿಸ್ದೆ ಒಳಗೆ ಮಲ್ಗಿದ್ರಾ? ಮನೆ ಏನಂದ್ಕೊಳ್ಳತ್ತೆ? ಸರಿ ಆಚೆ!” ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಅಡುಗೆಮನೆಯೊಳಗಿದ್ದಳು. ಬಾಗಿಲಿಗೆ ತೋರಣ ಬಂತು, ಹೊಸ್ತಿಲಿಗೆ ಅರಿಶಿನ ಬಂತು, ಒಲೆಯ ಮೇಲೆ ಪಾತ್ರೆ ಕೂತಿತು. ಹುಬ್ಬಳ್ಳಿಯವರಿಗೆ ಖುಷಿಯೋ ಖುಷಿ. “ನಮಗ ಹೇಳೇ ಇಲ್ಲಲ್ರಿ ಮಾಲಕ್ರ, ಇವತ್ತ ವಾಸ್ತುಶಾಂತಿ ಅಂತ!” ಎಂದು ಒಂದು ಕವರಿಗೆ ಮುಯ್ಯಿ ಹಾಕಿ ಯಜಮಾನರ ಕಿಸೆಗೆ ತುರುಕಿದರು.

ಯಜಮಾನರು ನನ್ನ ಕಡೆ ನೋಡಿದರು. ಕ್ರೇನಿನ ಹಗ್ಗ ತುಂಡಾದಾಗ ಕೆಳಗಿರುವವರು ನೋಡುವ ಹಾಗೆ.

ಅಷ್ಟರಲ್ಲಿ ಒಂದು ಬೈಕು ಬಂತು. ಇಳಿದವರು ಪಂಚಾಯ್ತಿಯ ಅಧಿಕಾರಿ, ವಿಜಯಕುಮಾರ್ ಎಂದು. ತೋರಣ ನೋಡಿದರು, ಜೀಪು ನೋಡಿದರು, ಮಲಗಿದ್ದ ಬೋರ್ಡನ್ನು ಕಾಲಿನಿಂದ ಸರಿಸಿ ನೋಡಿದರು. “ಪರ್ಮಿಷನ್ ಇಲ್ದೆ ಹೋಂ ಸ್ಟೇ ನಡೆಸ್ತಾ ಇದ್ದೀರಿ. ನೋಟಿಸ್ ಕೊಡೋಕೆ ಯಾವತ್ತು ಬಂದ್ರೂ ಬೀಗ. ಅದಕ್ಕೇ ಭಾನುವಾರ ಬಂದೆ. ಇದರ ಮಾಲೀಕರು ಯಾರು?”

ಅಂಗಳದಲ್ಲಿದ್ದ ಅಷ್ಟೂ ಜನರ ಬೆರಳು ಒಟ್ಟಿಗೆ ಎದ್ದವು. ಹುಬ್ಬಳ್ಳಿಯ ಅಜ್ಜಿ ಊರುಗೋಲನ್ನೇ ಎತ್ತಿದಳು.

“ಸಾರ್, ನಾನಲ್ಲ,” ಎಂದರು ಯಜಮಾನರು. ಒಂದು ದಿನ ತಡವಾಗಿ, ಆದರೆ ಸ್ಪಷ್ಟವಾಗಿ.

“ಭಾವ ಸಂಕೋಚದ ಮನುಷ್ಯ ಸಾರ್,” ಎಂದರು ಶಿವಕುಮಾರ್ ಹೆಮ್ಮೆಯಿಂದ. “ಅವರದ್ದೇ ಇದು. ಎಲ್ಲ.”

“ಅವರ ಮುತ್ಯಾ ಹಚ್ಚಿದ ಗಿಡಾ ಐತ್ರಿ ಸಾಹೇಬ್ರ, ತೋರಸ್ತೀನಿ ಬರ್ರಿ,” ಎಂದ ಹುಬ್ಬಳ್ಳಿಯವನು.

“ಅಯ್ಯೋ, ನಾನು ಭದ್ರಾವತಿಯವನು ಸಾರ್! ಬಾಡಿಗೆ ಮನೆಯವನು!”

“ನೋಟಿಸ್ ತೆಗೆದ್ರೆ ಎಲ್ಲರೂ ಬಾಡಿಗೆಯವರೇ,” ಎಂದು ಅಧಿಕಾರಿಗಳು ಪೆನ್ನಿನ ಮುಚ್ಚಳ ತೆಗೆದರು. “ಹೆಸರು ಹೇಳಿ. ದಂಡ ಎಷ್ಟಾಗತ್ತೆ ಅಂತ ಆಮೇಲೆ ಆಫೀಸಲ್ಲಿ ಹೇಳ್ತಾರೆ.”

ದಂಡ ಎಂಬ ಮಾತು ಕೇಳಿ ಒಳಗಿದ್ದವರೆಲ್ಲ ಹೊರಗೆ ಬಂದರು, ಶಕುಂತಲಮ್ಮನೂ ಬಂದಳು. ಗದ್ದಲವೋ ಗದ್ದಲ. ಅದರ ನಡುವೆ ಪರಮೇಶನ ಕಾರು ಬಂದು ನಿಂತದ್ದು ಯಾರಿಗೂ ಕೇಳಿಸಲಿಲ್ಲ. ನಿಜವಾದ ಮಾಲೀಕ ಮಲ್ಲಿಕ್ ಇಳಿದ. ಅವನ ಹಿಂದೆ ಅವನ ತಾಯಿ ಮಹಾಂತಮ್ಮ ಇಳಿದರು. ನನ್ನ ವಯಸ್ಸಿನವರೇ, ನನಗಿಂತ ಎತ್ತರ. ಅವರು ತೋರಣ ನೋಡಿದರು. ಹೊಸ್ತಿಲಿನ ಅರಿಶಿನ ನೋಡಿದರು.

“ನಮ್ಮ ಮನೇಲಿ ಯಾರು ಹಾಲುಕ್ಕಿಸ್ತಾ ಇರೋದು?”

“ನಾನೇ ಅಮ್ಮ,” ಎಂದಳು ಶಕುಂತಲಮ್ಮ. “ನಮ್ಮ ಅಣ್ಣನ ಮನೆಗೆ. ನೀವ್ಯಾರು?”

ಪರಮೇಶ್ ಎಲ್ಲವನ್ನೂ ಬಿಡಿಸಿ ಹೇಳಿದ. ಅವನು ಹೇಳುತ್ತ ಹೋದಂತೆ ಶಿವಕುಮಾರರ ಮುಖ ಇಳಿಯಿತು, ಹುಬ್ಬಳ್ಳಿಯವರ ಬಾಯಿ ತೆರೆಯಿತು. “ಹಂಗಾದ್ರ ನಿನ್ನೆಯಿಂದ ನಮಗ ನೀರ ಕಾಸಿ ಕೊಟ್ಟಾವ್ರು ಯಾರ್ರಿ?” ಎಂದು ಒಬ್ಬ ಕೇಳಿದ.

ಮಲ್ಲಿಕ್ ಮಾತ್ರ ಚುರುಕಾದ. ಅಧಿಕಾರಿಯ ಕೈಯಲ್ಲಿದ್ದ ನೋಟಿಸು ನೋಡಿದ, ತೋರಣ ನೋಡಿದ, ಯಜಮಾನರನ್ನು ನೋಡಿ ನಕ್ಕ. “ತಪ್ಪೇನಿಲ್ಲ ಬಿಡಿ. ತಗೊಳ್ಳೋರೇ ಹಾಲುಕ್ಕಿಸಿದ್ದಾರೆ. ಅವ್ವ, ಹಾಲುಕ್ಕಿದ ಮೇಲೆ ಮನೆ ಅವರದ್ದೇ ಅಲ್ವಾ? ಬೇರೆಯವರ ಹಾಲುಕ್ಕಿದ ಮನೇನ ನಾವು ವಾಪಸ್ ಇಟ್ಕೊಳ್ಳೋ ಹಾಗಿಲ್ಲ. ಸಾರ್, ನೋಟಿಸ್ ಅವರ ಹೆಸರಿಗೇ ಬರೀರಿ. ಪರಮೇಶ್, ಅಗ್ರಿಮೆಂಟ್ ಪೇಪರ್ ಕಾರಲ್ಲಿದೆ ತಾನೆ?”

ಮಹಾಂತಮ್ಮನವರ ಕೈ ಜಗಲಿಯ ಕಂಬವನ್ನು ಹಿಡಿದುಕೊಂಡಿತ್ತು. ಹಿಡಿದ ರೀತಿ ನೋಡಿದರೆ ಗೊತ್ತಾಗುತ್ತಿತ್ತು, ಮಾರುವ ಮಾತು ಮಗನದ್ದು, ಅವರದ್ದಲ್ಲ ಎಂದು. “ಹಾಲುಕ್ಕಿದ್ರೆ... ಆಯ್ತು. ಉಕ್ಕಿದ ಮೇಲೆ ನಾನೇನು ಹೇಳಲಿ,” ಎಂದರು ಸಣ್ಣಗೆ.

ಬೀದಿಯವರೆಲ್ಲ ತಲೆಯಾಡಿಸಿದರು. ಹೌದಲ್ಲ, ಉಕ್ಕಿದ ಮೇಲೆ ಇನ್ನೇನು? ಇದನ್ನು ಮೀರಿ ಮಾತಾಡುವ ಧೈರ್ಯ ಶಿವಕುಮಾರರಿಗೂ ಇರಲಿಲ್ಲ. ಯಜಮಾನರು ಆ ಚಳಿಯಲ್ಲಿ ಬೆವರತೊಡಗಿದರು. ಭದ್ರಾವತಿಯ ಬಿಸಿಲಿಗೂ ಬಿಚ್ಚದಿದ್ದ ಸ್ವೆಟರನ್ನು ತಲೆಯ ಮೇಲಿಂದ ಎಳೆದು ಬಿಚ್ಚಿದರು. ಹೊರಬಂದ ಮುಖ ಶಾಲೆಯ ಮೊದಲ ದಿನದ ಮಗುವಿನಂತಿತ್ತು. “ಏನೇ,” ಎಂದರು ನನಗೆ. ಅಷ್ಟೇ.

“ಹಾಲು ಉಕ್ಕಿತಾ?” ಎಂದು ನಾನು ಕೇಳಿದೆ.

ಎಲ್ಲರೂ ಶಕುಂತಲಮ್ಮನ ಕಡೆ ತಿರುಗಿದರು. ಶಕುಂತಲಮ್ಮ ಅಡುಗೆಮನೆಯ ಕಡೆ ತಿರುಗಿದಳು. “ನಾನು... ದಂಡ ಅಂದ್ರಲ್ಲ, ಹೊರಗೆ ಬಂದೆ...”

ನೋಟಿಸು ಹಿಡಿದ ಅಧಿಕಾರಿಯೂ ಸೇರಿ ಎಲ್ಲರೂ ಒಳಗೆ ನುಗ್ಗಿದೆವು. ಒಲೆ ಉರಿಯುತ್ತಿತ್ತು. ಪಾತ್ರೆಯ ಅಂಚು ಒಣಗಿತ್ತು, ಒಲೆಯ ಮೇಲೆ ಒಂದು ಹನಿಯೂ ಚೆಲ್ಲಿರಲಿಲ್ಲ. ಮಹಾಂತಮ್ಮ ಎಲ್ಲರನ್ನೂ ಸರಿಸಿ ಮುಂದೆ ಬಂದರು, ಸೌಟು ತಗೊಂಡು ಅಡಿಯಿಂದ ಎತ್ತಿ ನೋಡಿದರು. ಬಿಳಿ ಗಂಟುಗಳು, ಅದರ ಸುತ್ತ ಹಳದಿ ನೀರು.

“ಒಡೆದಿದೆ!” ಎಂದರು. ಅಷ್ಟು ಸಂತೋಷದಿಂದ ಆ ಮಾತನ್ನು ಯಾವ ಹೆಂಗಸೂ ಹೇಳಿದ್ದು ನಾನು ಕೇಳಿಲ್ಲ. “ಉಕ್ಕಿಲ್ಲ ಕಣೋ ಮಲ್ಲಿ! ಒಡೆದಿದೆ! ಮನೆಗೆ ಇಷ್ಟ ಇಲ್ಲ!”

ಭದ್ರಾವತಿಯ ಸೆಕೆಯಲ್ಲಿ ಕ್ಯಾನು ತುಂಬಿ, ತುಂಬಿದ ವ್ಯಾನಿನಲ್ಲಿ ಅಷ್ಟು ದೂರ ಕುಲುಕಿಸಿ ತಂದರೆ ಹಾಲು ಇನ್ನೇನು ಮಾಡುತ್ತದೆ? ಕ್ಯಾನಿನ ಮುಚ್ಚಳ ತೆಗೆದಾಗಲೇ ನನ್ನ ಮೂಗಿಗೆ ಹುಳಿ ಬಡಿದಿತ್ತು. ಯಾರಾದರೂ ಕೇಳಿದರೆ ಹೇಳೋಣವೆಂದು ಕಾದಿದ್ದೆ.

“ಇದೊಂದು ವಿಷಯಾನಾ ಅವ್ವ...” ಎಂದ ಮಲ್ಲಿಕ್.

“ವಿಷಯಾನೇ. ಮಾರಲ್ಲ. ಆ ಬೋರ್ಡ್ ನೆಟ್ಟಗೆ ನಿಲ್ಲಿಸು, ಪರ್ಮಿಷನ್ ತಗೋ, ನಾನು ಬಂದು ಇಲ್ಲಿರ್ತೀನಿ. ಸಾರ್, ಆ ನೋಟಿಸ್ ನನ್ನ ಮಗನ ಕೈಗೆ ಕೊಡಿ.”

ಅಧಿಕಾರಿಗಳಿಗೆ ಒಂದು ಸಂಶಯ ಉಳಿಯಿತು. “ಇವರು ಮಾಲೀಕರಲ್ಲ ಅಂತ ಇವರೇ ಬರೆದುಕೊಡ್ಲಿ. ನಾಳೆ ಯಾರಾದ್ರೂ ಕೇಳಿದ್ರೆ ನನ್ನ ಹತ್ರ ಇರಬೇಕು.”

ಯಜಮಾನರು ಜಗಲಿಯ ಬೆತ್ತದ ಕುರ್ಚಿಯಲ್ಲಿ ಕೂತು, ಅಷ್ಟೂ ಜನರ ಎದುರಿಗೆ, ‘ಈ ಮನೆಗೂ ತೋಟಕ್ಕೂ ನಾನು ಮಾಲೀಕನಲ್ಲ, ಆಗಿರಲೂ ಇಲ್ಲ’ ಎಂದು ಬರೆದರು. ರುಜು ಹಾಕಿದರು. ಹುಬ್ಬಳ್ಳಿಯವರ ಮುಯ್ಯಿಯ ಕವರನ್ನು ವಾಪಸ್ ಕೊಡಹೋದರು. “ಇರ್ಲಿ ಇಟ್ಗೋರಿ ಯಜಮಾನ್ರ, ನೀರ ಭಾಳ ಛಲೋ ಕಾಸ್ತೀರಿ,” ಎಂದು ಅವರು ಒಪ್ಪಲಿಲ್ಲ.

ಪೆನ್ನು ಇನ್ನೂ ಇವರ ಕೈಯಲ್ಲೇ ಇತ್ತು. ನಾನು ಚೀಲದ ಅಡಿಯಿಂದ, ಒದ್ದೆ ಸಂಡಿಗೆಯ ಕೆಳಗಿನಿಂದ, ಹೊರಡುವಾಗ ಹಾಕಿಕೊಂಡಿದ್ದ ಆ ಇನ್‌ಲ್ಯಾಂಡ್ ತೆಗೆದು ಮುಂದಿಟ್ಟೆ.

“ಪೆನ್ನು ಕೈಲಿದೆಯಲ್ಲ. ಇದಕ್ಕೂ ಒಂದು ಹಾಕಿಬಿಡಿ.”

ಶಿವಕುಮಾರ್ ಭುಜದ ಮೇಲಿಂದ ಬಗ್ಗಿ ಓದಿದರು. ಗಣಪಯ್ಯನವರು ಬರೆದದ್ದನ್ನೂ ನುಗ್ಗೆ ಮರದ ಕತೆಯನ್ನೂ ನಾನು ಹೇಳಿದೆ. “ಇದೇನಕ್ಕ? ಮನೆ ಕೊಡ್ತೀನಿ ಅಂತ ಅವರಾಗೇ ಕೇಳಿದ್ರಾ? ಸಂಕ್ರಾಂತಿಯಿಂದ ಉತ್ತರ ಕೊಟ್ಟಿಲ್ವಾ? ಭಾವ! ನಾನು ಒಂದು ಸೈಟಿಗೆ ಅಂತ ಎಷ್ಟು ಜನರ ಮನೆ ಮೆಟ್ಟಿಲು ಹತ್ತಿ ಇಳಿದಿದ್ದೀನಿ ಗೊತ್ತಾ? ಅದೂ ನುಗ್ಗೆ ಮರದ ಸಮೇತ! ನಮ್ಮಲ್ಲಿ ಒಂದು ತುಳಸಿ ನೆಡೋಕೂ ಮಣ್ಣಿಲ್ಲ, ಎಲ್ಲ ಟೈಲ್ಸ್!”

ಯಜಮಾನರು ಪೆನ್ನು ತಿರುಗಿಸುತ್ತ ಕೂತರು. “ಅಲ್ಲ... ಎಲ್ಲರಿಗೂ ಬೆಟ್ಟ ಅಂತ ಹೇಳಿಬಿಟ್ಟಿದ್ದೀನಲ್ಲ.”

“ಅಣ್ಣಾ, ನಮ್ಮ ತಾರಸಿ ಮೇಲೆ ನಿಂತ್ರೆ ಬೆಟ್ಟ ಕಾಣ್ಸಲ್ವಾ?” ಎಂದಳು ಶಕುಂತಲಮ್ಮ. “ಇಡೀ ಸಾಲು ಕಾಣ್ಸುತ್ತೆ. ಇನ್ನೆಷ್ಟು ಬೇಕು ನಿಮಗೆ?”

ಅವರು ನನ್ನ ಕಡೆ ವಾಲಿ, ಯಾರಿಗೂ ಕೇಳಿಸದಂತೆ ಕೇಳಿದರು. “ಆ ಮನೇಲಿ ನನ್ನ ಯಾರೂ ಬಿಸಿನೀರು ಕೇಳಲ್ಲ ಅಲ್ವೇನೇ?”

“ನಾನು ಕೇಳಲ್ಲ. ಬಿಸಿಲಿಗಿಟ್ರೆ ಅದೇ ಕಾಯುತ್ತೆ,” ಎಂದೆ.

ರುಜು ಹಾಕಿದರು.

ಒಡೆದ ಹಾಲಿಗೆ ನಾನು ಬೆಲ್ಲ ಹಾಕಿ ಕಾಯಿಸಿದೆ. ಎಲ್ಲರೂ ತಿಂದರು, ಅಧಿಕಾರಿಗಳು ಎರಡು ಸಲ ಹಾಕಿಸಿಕೊಂಡರು. ಮಹಾಂತಮ್ಮ ನನಗೆ ಕುಂಕುಮವಿಟ್ಟು, ಕಿವಿಯ ಹತ್ತಿರ ಬಂದು, “ಹಾಲು ತಂದ ನಿಮ್ಮ ಗೆಳತಿಗೆ ಪುಣ್ಯ ಬರಲಿ,” ಎಂದರು.

ವ್ಯಾನಿನಲ್ಲಿ ನಮ್ಮಿಬ್ಬರಿಗೂ ಜಾಗ ಮಾಡಿದರು. ಯಜಮಾನರು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ತರೀಕೆರೆ ಬಂದಾಗ ಸೆಕೆ ಒಳಗೆ ಬಂತು, ಯಾರೂ ಗೊಣಗಲಿಲ್ಲ. ಭದ್ರಾವತಿಯಲ್ಲಿ ನಮ್ಮ ಬೀದಿಯ ತುದಿಯ ಅಂಚೆ ಪೆಟ್ಟಿಗೆಯ ಎದುರಿಗೆ ವ್ಯಾನು ನಿಂತಾಗ, ಅವರೊಬ್ಬರು ಇಳಿದರೆ ಸಾಕಿತ್ತು. ಎಲ್ಲರೂ ಇಳಿದರು. ತಿಂಗಳು ಮುಗಿಯಲು ಇನ್ನೂ ಒಂದು ವಾರವಿತ್ತು. ನಾಳೆ ತೆಗೆದರೂ ಬುಧವಾರದೊಳಗೆ ಸಾಗರ ಸೇರುತ್ತದೆ ಎಂದು ಶಿವಕುಮಾರ್ ಲೆಕ್ಕ ಹೇಳಿದರು.

ಯಜಮಾನರು ಪೆಟ್ಟಿಗೆಯ ಬಾಯಿಗೆ ಕಾಗದ ಇಟ್ಟರು. ಇಟ್ಟು, ಬಿಡದೆ ನಿಂತರು. ವಿಳಾಸ ಇನ್ನೊಮ್ಮೆ ಓದಿದರು. ಮೇಲೆ ನೋಡಿದರು, ದೂರದ ಬೆಟ್ಟದ ಸಾಲು ನೋಡಿದರು, ತಲೆ ಕೆರೆದುಕೊಂಡರು. ಆಮೇಲೆ ಬಾಯಿ ತೆರೆದರು.

“ನೋಡೋ—”

“ಅಣ್ಣಾ!” “ಭಾವ!” “ಕೃಷ್ಣಪ್ಪನವರೇ!” ಎಂದು ವ್ಯಾನಿನಷ್ಟೂ ಜನ ಒಟ್ಟಿಗೆ ಕೂಗಿದ ರಭಸಕ್ಕೆ ಅವರು ಬೆಚ್ಚಿಬಿದ್ದು ಕೈಬಿಟ್ಟರು. ಕಾಗದ ಒಳಗೆ ಬಿದ್ದ ಸದ್ದು ನನಗೆ ಕೇಳಿಸಿತು.